ಎಳ್ಳು ಬೆಲ್ಲ ತಿಂದು ಹಾಕಿದ ಓಟು

ನಾನು ಓದು ಬಿಟ್ಟದ್ದು ೧೯೮೩ರಲ್ಲಿ. ಓದು ನನ್ನನ್ನು ಬಿಟ್ಟದ್ದು ಅದಕ್ಕೂ ಎರಡು ವರ್ಷ ಮೊದಲೇ. ನಾವಿಬ್ಬರೂ ಮರ್ಯಾದೆಗೆಂದು ಒಂಬತ್ತನೆಯ ತರಗತಿಯವರೆಗೆ ಜೊತೆಯಲ್ಲಿದ್ದೆವು ಅಷ್ಟೆ. ಮಾರನೆಯ ದಿನದಿಂದಲೇ ಮೈಸೂರಿನಲ್ಲಿ ಸೋದರಮಾವನ ಕುಶನ್ ಅಂಗಡಿಗೆ ಸೇರಿದೆ. ಸ್ಕೂಟರ್ ಸೀಟಿನಿಂದ ಶುರುಮಾಡಿ ಅಂಬಾಸಿಡರ್ ಕಾರಿನ ಸೀಟಿನವರೆಗೆ ಹೊಲಿದೆ. ಆಮೇಲೆ ಅಮೆರಿಕದಲ್ಲಿದ್ದ ಅಕ್ಕ ಹಾಕಿದ ವೀಸಾ ಅರ್ಜಿಯ ಮೇಲೆ ಮಿಷಿಗನ್ನಿಗೆ ಬಂದು, ಕಾರಿನ ಸೀಟು ಮಾಡುವ ಕಾರ್ಖಾನೆಯಲ್ಲಿ ಬೆನ್ನು ಬಗ್ಗುವವರೆಗೆ ದುಡಿದು, ಕಡೆಗೆ ಅಲ್ಲೇ ಕ್ಯಾಂಟನ್ ಎಂಬ ಊರಿನಲ್ಲಿ ನನ್ನದೇ ಅಂಗಡಿ ಇಟ್ಟೆ. ನಮ್ಮ ಬಡಾವಣೆಯಲ್ಲಿ ಎರಡು ಡಿಗ್ರಿಗಿಂತ ಕಡಿಮೆ ಇರುವ ಮನುಷ್ಯ ನಾನೊಬ್ಬನೇ. ಅದರ ಬಗ್ಗೆ ನನಗೆ ನಾಚಿಕೆಯೇನೂ ಇಲ್ಲ. ಓದಿದವರೆಲ್ಲ ಬೆಳಿಗ್ಗೆ ಎದ್ದು ಡಿಯರ್‌ಬಾರ್ನಿನ ಕಾರು ಕಂಪನಿಗೆ ಡ್ರೈವ್ ಮಾಡಿಕೊಂಡು ಹೋಗುವಾಗ ಕೂರುವುದು ನನ್ನಂಥವರ ಕೆಲಸದ ಮೇಲೆಯೇ. ಅಂಗಡಿಯ ಬೋರ್ಡಿನಲ್ಲಿ ಪುಟ್ಟಸ್ವಾಮಿ ಎಂದು ಪೂರ್ತಿ ಬರೆಸಲು ಜಾಗ ಸಾಲದೆ 'ಸ್ವಾಮಿ' ಎಂದಷ್ಟೇ ಬರೆಸಿದೆ. ಮೊದಲ ವಾರವೇ ಇಬ್ಬರು ಅಮೆರಿಕನ್ ಹೆಂಗಸರು ಚಾಪೆ ಸುತ್ತಿಕೊಂಡು ಯೋಗ ಕಲಿಯಲು ಬಂದರು. ಒಬ್ಬಾಕೆಯ ಚಾಪೆಯ ಅಂಚು ಬಿಟ್ಟುಕೊಂಡಿತ್ತು. ಹೊಲಿದು ಕಳಿಸಿದೆ. ನನಗೆ ಬರುವ ಯೋಗ ಅಷ್ಟೇ.

ಇಷ್ಟು ಸರಳವಾದ ಬಾಳಿನಲ್ಲಿ ಆತ್ಮಸಾಕ್ಷಿ ಎಂಬುದು ಒಂದು ದಿನ ಕೆಲಸಕ್ಕೆ ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಮನೆಯಲ್ಲಿ ಅಗ್ನಿಶಾಮಕ ಸಿಲಿಂಡರ್ ಇಟ್ಟಿರುತ್ತೇವಲ್ಲ, ಹಾಗೆ ಅದೂ ಒಂದು ಮೂಲೆಯಲ್ಲಿ ಇತ್ತು. ಹೇಗೆ ಬಳಸಬೇಕೆಂದು ಅದರ ಮೇಲೆ ಬರೆದಿರುವುದನ್ನು ಯಾರು ಓದುತ್ತಾರೆ?

ಈ ದೇಶದಲ್ಲಿ ದೊಡ್ಡ ಪಕ್ಷಗಳು ಎರಡು. ಒಂದರ ಗುರುತು ಆನೆ, ಇನ್ನೊಂದರದು ಕತ್ತೆ. ನಮ್ಮ ಕಡೆ ಯಾವನಾದರೂ ಅಭ್ಯರ್ಥಿಗೆ ಕತ್ತೆಯ ಗುರುತು ಕೊಟ್ಟಿದ್ದರೆ ಅವನು ಚುನಾವಣೆ ಬಿಟ್ಟು ಮಾನನಷ್ಟದ ಮೊಕದ್ದಮೆ ಹೂಡುತ್ತಿದ್ದ. ಇಲ್ಲಿ ಅದನ್ನು ಟೋಪಿಯ ಮೇಲೆ, ಮಗ್ಗಿನ ಮೇಲೆ ಹಾಕಿಕೊಂಡು ಹೆಮ್ಮೆಯಿಂದ ಓಡಾಡುತ್ತಾರೆ. ನಾನು ಕತ್ತೆಯ ಪಕ್ಷ. ನಮ್ಮತ್ತೆ ಮೈಸೂರಿನಿಂದ ಫೋನಿನಲ್ಲಿ, "ಅಲ್ಲಪ್ಪ, ಸಾಕ್ಷಾತ್ ಗಣಪತಿ ಮುಖ ಇರೋ ಪಾರ್ಟಿ ಎದುರಿಗೇ ಇರೋವಾಗ ನೀನು ಹೋಗಿ ಹೋಗಿ ಅದಕ್ಕೆ ಓಟು ಹಾಕ್ತೀಯಾ?" ಎಂದು ಕೇಳಿದ್ದರು. ಅವರಿಗೆ ತೆರಿಗೆ, ಯೂನಿಯನ್ನು, ಆಸ್ಪತ್ರೆಯ ಬಿಲ್ಲು ಇವೆಲ್ಲ ವಿವರಿಸಲಾರದೆ, "ಭಾರ ಹೊರೋದು ಅದೇ ಅಲ್ವಾ ಅತ್ತೆ" ಎಂದುಬಿಟ್ಟೆ. ಅವರು ಒಪ್ಪಿದರು. ಅಳಿಯನ ಮುಖದಲ್ಲಿ ಆ ಹೋಲಿಕೆ ಅವರಿಗೆ ಮೊದಲಿನಿಂದಲೂ ಕಂಡಿದ್ದಿರಬೇಕು.

ನನ್ನ ಪಕ್ಷನಿಷ್ಠೆಗೆ ಮೂಲ ಯಾವ ಸಿದ್ಧಾಂತವೂ ಅಲ್ಲ, ಶೈಲಜಾ. ನಮ್ಮ ಹಿಂದಿನ ಬೀದಿಯ ಶೈಲಜಾ ಹಗಲು ಕಂಪ್ಯೂಟರ್ ಕೆಲಸ ಮಾಡುತ್ತಾರೆ, ಉಳಿದ ಹೊತ್ತೆಲ್ಲ ಪಕ್ಷದ ಕೆಲಸ. ನಾನು ಪೌರತ್ವಕ್ಕೆ ಅರ್ಜಿ ಹಾಕಿದಾಗ ಪರೀಕ್ಷೆ ಎಂಬ ಶಬ್ದ ಕೇಳಿಯೇ ಒಂಬತ್ತನೆಯ ತರಗತಿಯ ಬೆವರು ಮತ್ತೆ ಬಂದಿತ್ತು. ಆಗ ಆಕೆ ವಾರಗಟ್ಟಲೆ ತಮ್ಮ ಅಡುಗೆಮನೆಯ ಮೇಜಿನ ಮುಂದೆ ನನ್ನನ್ನು ಕೂರಿಸಿಕೊಂಡು, ಒಂದು ಕಡೆ ಚಪಾತಿ ಲಟ್ಟಿಸುತ್ತಾ, "ಸುಪ್ರೀಂ ಕೋರ್ಟ್ ಏನ್ ಮಾಡುತ್ತೆ ಹೇಳಿ ಪುಟ್ಟಸ್ವಾಮಿಯವ್ರೆ" ಎಂದು ಪಾಠ ಹೇಳಿದರು. ನನ್ನ ಜೀವನದಲ್ಲಿ ನಾನು ಪಾಸಾದ ದೊಡ್ಡ ಪರೀಕ್ಷೆ ಅದೊಂದೇ. ಪ್ರಮಾಣವಚನ ಮುಗಿಸಿ ಹೊರಗೆ ಬಂದ ತಕ್ಷಣ ಮತದಾರರ ಪಟ್ಟಿಗೆ ಹೆಸರು ಸೇರಿಸಿದವರೂ ಅವರೇ. ಅಂದಿನಿಂದ ಅವರು ಹೇಳಿದವರಿಗೆ ನನ್ನ ಓಟು. ಒಬ್ಬಳೇ ಹೆಂಡತಿ, ಒಂದೇ ಕಸುಬು, ಒಂದೇ ಪಕ್ಷ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ನನ್ನ ಹೆಂಡತಿ ಗಿರಿಜ ಆ ಪಟ್ಟಿ ಕೇಳಿದಾಗಲೆಲ್ಲ, "ಬೇರೆ ಯಾರೂ ಒಪ್ಕೊಳ್ಳಿಲ್ಲ ಅನ್ನಿ" ಎನ್ನುತ್ತಿದ್ದಳು.

ಈಗ ಪ್ರೈಮರಿ ಎಂದರೇನೆಂದು ಹೇಳಬೇಕು. ನವೆಂಬರಿನ ಚುನಾವಣೆ ಮದುವೆ ಇದ್ದ ಹಾಗೆ. ಅದಕ್ಕೂ ಮೊದಲು ಗಂಡಿನ ಮನೆಯವರು ತಮ್ಮ ಹುಡುಗರಲ್ಲಿ ಯಾರನ್ನು ಹಸೆಮಣೆಗೆ ಕಳಿಸಬೇಕು ಎಂದು ಒಳಗೊಳಗೇ ತೀರ್ಮಾನ ಮಾಡುವುದು ಪ್ರೈಮರಿ. ಮಿಷಿಗನ್ನಿನಲ್ಲಿ ನೀವು ಯಾವ ಪಕ್ಷದ ಸದಸ್ಯರೂ ಆಗಿರಬೇಕಿಲ್ಲ. ಮತಗಟ್ಟೆಗೆ ಹೋಗಿ ಈ ಮನೆಯ ಚೀಟಿ ಕೊಡಿ ಎಂದರೆ ಕೊಡುತ್ತಾರೆ. ಆ ವರ್ಷ ನಮ್ಮ ಮನೆಯಲ್ಲಿ ಹುಡುಗನ ಆಯ್ಕೆಗೆ ಏನೂ ಇರಲಿಲ್ಲ. ಆಗಲೇ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದ ದೊಡ್ಡವರೇ ಮತ್ತೆ ನಿಂತಿದ್ದರು. ಆದರೆ ಚೀಟಿಯ ಕೆಳಗೆ ಇನ್ನೊಂದು ಖಾಲಿ ವೃತ್ತ ಇರುತ್ತದೆ. ಅದರ ಮುಂದೆ ಅನ್‌ಕಮಿಟೆಡ್ ಎಂದು ಬರೆದಿರುತ್ತದೆ. ಅದನ್ನು ತುಂಬಿದರೆ, ನಾನು ಈ ಪಕ್ಷದವನೇ, ಆದರೆ ಇವರ ಜೊತೆಗಿಲ್ಲ ಎಂದು ಅರ್ಥ. ಓದಿದವರು ಇದನ್ನು ಬಹಳ ಕಷ್ಟಪಟ್ಟು ವಿವರಿಸುತ್ತಾರೆ. ನನಗೆ ಕೂಡಲೇ ತಿಳಿಯಿತು. ಮನೆ ಬಿಟ್ಟು ತವರಿಗೆ ಹೋಗುವುದಲ್ಲ. ಮನೆಯಲ್ಲೇ ಇದ್ದು, ಅಡುಗೆಯನ್ನೂ ಮಾಡಿಟ್ಟು, ಮಾತು ಮಾತ್ರ ಬಿಡುವುದು. ಈ ರಾಜಕೀಯದ ಎದುರು ನಾನು ಇಪ್ಪತ್ತೆಂಟು ವರ್ಷದಿಂದ ಆಳ್ವಿಕೆ ನಡೆಸುತ್ತಿದ್ದೇನೆ.

ಆ ಸಲ ಸಂಕ್ರಾಂತಿಯ ದಿನ ಹೊರಗೆ ಎಂಟು ಡಿಗ್ರಿ ಫ್ಯಾರನ್‌ಹೀಟ್. ಶೈಲಜಾ ರೇಷ್ಮೆ ಸೀರೆಯ ಮೇಲೆ ಮಂಡಿವರೆಗಿನ ಕೋಟು, ಕೆಳಗೆ ಹಿಮದ ಬೂಟು ಹಾಕಿಕೊಂಡು ಮನೆಮನೆಗೆ ಎಳ್ಳು ಬೀರಲು ಹೊರಟಿದ್ದರು. ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಇಂಡಿಯನ್ ಸ್ಟೋರಿನ ಕಬ್ಬಿನ ಜಲ್ಲೆಯ ಒಂದೊಂದು ತುಂಡು, ಎಲ್ಲ ಸೇರಿದ ಪೊಟ್ಟಣ. ಪೊಟ್ಟಣದೊಳಗೆ ಪಕ್ಷದ ಕರಪತ್ರ. ಅಚ್ಚಿನಲ್ಲಿ ನವಿಲು, ಕುದುರೆ, ತುಳಸಿಕಟ್ಟೆಯ ಜೊತೆ ಒಂದು ಪ್ರಾಣಿ ಕಿವಿ ಉದ್ದ ಬಿಟ್ಟುಕೊಂಡು ನಿಂತಿತ್ತು. ಸಂಶಯಪಟ್ಟು ಕೇಳಿದೆ. "ಅಚ್ಚು ಆನ್‌ಲೈನ್‌ನಲ್ಲಿ ತರಿಸ್ದೆ," ಎಂದು ನಕ್ಕು, ಕತ್ತೆಯನ್ನು ನನ್ನ ಅಂಗೈಯಲ್ಲಿಟ್ಟು, ಮೇಲೆ ಒಂದು ಹಿಡಿ ಎಳ್ಳು ಸುರಿದರು.

"ಈ ಸಲ ಕೆಲವರು ಖಾಲಿ ವೃತ್ತ ತುಂಬಿ ಅಂತ ಓಡಾಡ್ತಿದಾರೆ. ನಾವು ನಾವೇ ಕಾಲೆಳ್ಕೊಂಡ್ರೆ ನವೆಂಬರ್‌ನಲ್ಲಿ ಆನೆ ಬಂದು ಕೂರುತ್ತೆ. ನೀವು ನಮ್ಮ ಕಡೆ ತಾನೇ?"

"ಅದನ್ನ ಕೇಳ್ಬೇಕಾ ಶೈಲಜಮ್ಮ?"

"ಹಾಗಲ್ಲ. ಎಳ್ಳು ಬಾಯಿಗೆ ಹಾಕ್ಕೊಂಡು ಹೇಳಿ."

ಹಾಕಿಕೊಂಡೆ. "ಆಯ್ತು" ಎಂದೆ. ನಮ್ಮ ಕಡೆಯವರಿಗೆ ಇದರ ಭಾರ ಹೇಳಬೇಕಿಲ್ಲ. ಎಳ್ಳು ಕೊಟ್ಟವರೊಡನೆ ಆ ವರ್ಷ ಮುನಿಸು ಕೂಡದು, ಕೊಟ್ಟ ಮಾತಿಗೆ ತಪ್ಪುವುದಂತೂ ದೂರದ ಮಾತು. ಅಮೆರಿಕದ ಸಂವಿಧಾನ ಬರೆದವರು ಮತದಾರನನ್ನು ದುಡ್ಡಿನಿಂದ, ಹೆದರಿಕೆಯಿಂದ ಕಾಪಾಡಲು ಏನೇನೋ ಏರ್ಪಾಡು ಮಾಡಿದ್ದಾರೆ. ಎಳ್ಳಿನಿಂದ ಕಾಪಾಡಬೇಕೆಂದು ಅವರಿಗೂ ಹೊಳೆಯಲಿಲ್ಲ.

ಇನ್ನು ಯೂಸುಫ್. ಕಾರ್ಖಾನೆಯಲ್ಲಿ ಪರಿಚಯವಾದವನು, ಅಂಗಡಿ ತೆರೆದಾಗಿನಿಂದ ನನ್ನ ಜೊತೆಗಾರ. ಮನೆ ಡಿಯರ್‌ಬಾರ್ನಿನಲ್ಲಿ. ಅವನು ಫೋಮ್ ಕತ್ತರಿಸುತ್ತಾನೆ, ನಾನು ಹೊಲಿಯುತ್ತೇನೆ. ಅವನ ಇಂಗ್ಲಿಷು, ನನ್ನ ಇಂಗ್ಲಿಷು ಸೇರಿದರೆ ಒಂದು ಪೂರ್ತಿ ಇಂಗ್ಲಿಷಾಗುತ್ತದೆ. ಗಿರಾಕಿಗಳೊಡನೆ ಮಾತಾಡಲು ಇಬ್ಬರೂ ನಿಲ್ಲಬೇಕು. ಹಾಗಾಗಿ ಅವನ ಮಾತನ್ನೆಲ್ಲ ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಅವನಿಗೆ ಅನ್ಯಾಯವಾಗದಂತೆ. ಅವನನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಅವನ ಹುಟ್ಟಿದೂರಿನಲ್ಲೇ ಉಳಿದಿದ್ದಳು. ಆ ಊರಿನ ಮೇಲೆ ಬಾಂಬು ಬೀಳುತ್ತಿತ್ತು. ಬಾಂಬು ಕಳಿಸುತ್ತಿದ್ದವರು ನನ್ನ ಪಕ್ಷದ ದೊಡ್ಡವರು, ಅವನ ಪಕ್ಷದ ದೊಡ್ಡವರೂ ಹೌದು. ಅದನ್ನು ನಿಲ್ಲಿಸಿ ಎನ್ನುವವರೇ ಖಾಲಿ ವೃತ್ತ ತುಂಬಿ ಎಂದು ಓಡಾಡುತ್ತಿದ್ದದ್ದು. ನನ್ನ ಹಾಗೆ ಅವನೂ ಯೂನಿಯನ್ ಕಾಲದಿಂದ ಅಲ್ಲಿಗೇ ಓಟು ಹಾಕಿದವನು. ಚಿಕ್ಕಮ್ಮನ ಫೋನು ಬಂದು ಬಹಳ ದಿನವಾಗಿತ್ತು. ಅವನು ತನ್ನ ಫೋನನ್ನು ಕತ್ತರಿಸುವ ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟಿರುತ್ತಿದ್ದ. ಅದು ಅಲುಗಿದಾಗಲೆಲ್ಲ ಓಡಿಹೋಗಿ ಕೈಯ ಗೋಂದು ತೊಳೆದು ಬಂದು ನೋಡುತ್ತಿದ್ದ. ಫೋಮ್ ಮಾರುವವನದೋ, ಯಾರದೋ ಆಗಿರುತ್ತಿತ್ತು.

ಫೆಬ್ರವರಿಯ ಒಂದು ದಿನ ಚಹ ಕುಡಿಯುವಾಗ ಅವನು ಹೇಳಿದ: "ಸ್ವಾಮಿ, ನಿನ್ನ ಹತ್ರ ನಾನು ಯಾವತ್ತೂ ಏನೂ ಕೇಳಿಲ್ಲ. ಈ ಸಲ ಚೀಟಿಯ ಕೆಳಗೆ ಇರೋ ಆ ವೃತ್ತ ಒಂದ್ಸಲ ನೋಡು. ಅಷ್ಟೇ."

ಮನುಷ್ಯನಾದವನು "ನೋಡುತ್ತೇನೆ" ಎನ್ನಬೇಕಿತ್ತು. ನಾನು ಭಾಷಣ ಮಾಡಿದೆ. ನಾನು ಪಕ್ಷ ಬಿಡುವವನಲ್ಲ, ಕೊಟ್ಟ ಮಾತಿಗೆ ತಪ್ಪಿದವನಲ್ಲ, ಹೇಳಿದ ದಿನಕ್ಕೆ ಸೀಟು ಕೊಡದೆ ಇದ್ದವನಲ್ಲ ಎಂದೆಲ್ಲ ಹೇಳಿದೆ. ಆನೆ ಬಂದರೆ ನಿನಗೇ ಕಷ್ಟ ಎಂದೂ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಸರಿ" ಎಂದು ನನ್ನ ಲೋಟವನ್ನೂ ಸೇರಿಸಿ ತೊಳೆದಿಟ್ಟ. ಆಮೇಲೆ ಆ ಮಾತೇ ಎತ್ತಲಿಲ್ಲ. ಜಗಳ ಆಡಿದ್ದರೆ ನನಗೆ ಸುಲಭವಿತ್ತು. ಜಗಳ ಆಡದವರ ಜೊತೆ ಗೆಲ್ಲುವುದು ಹೇಗೆ?

ಮತದಾನದ ದಿನ ನಮ್ಮ ಬಡಾವಣೆಯ ಪ್ರೈಮರಿ ಶಾಲೆಯ ಜಿಮ್ಮಿಗೆ ಗಿರಿಜಳ ಜೊತೆ ಹೋದೆ. ನನ್ನ ಪಕ್ಷದ ಚೀಟಿ ಕೇಳಿ ತೆಗೆದುಕೊಂಡು, ಮಕ್ಕಳ ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ನಿಲ್ಲಿಸಿದ್ದ ಮರೆಯೊಳಗೆ ನಿಂತೆ. ಮೇಲೆ ದೊಡ್ಡವರ ಹೆಸರು. ಪೆನ್ನನ್ನು ಅವರ ಮುಂದಿನ ವೃತ್ತದ ಮೇಲೆ ಇಟ್ಟೆ. ನನ್ನ ಕೈ ಸೂಜಿ ಹಿಡಿದು ಪಳಗಿದ ಕೈ, ಗುರಿ ತಪ್ಪುವುದಿಲ್ಲ. ಆದರೆ ಆಗ ಪಕ್ಕದ ಮರೆಯಲ್ಲಿ ಯಾರದೋ ಫೋನು ಜೇಬಿನೊಳಗೇ ಗುರ್ ಎಂದು ಅಲುಗಿತು. ನನಗೆ ಗೋಂದು ತೊಳೆಯಲು ಓಡುವ ಯೂಸುಫನ ಬೆನ್ನು ಕಂಡಿತು. ಪೆನ್ನು ಎತ್ತಿದೆ. ಮತ್ತೆ ಇಟ್ಟೆ. ಬಾಯಲ್ಲಿ ಎಳ್ಳಿನ ರುಚಿ ಬಂದ ಹಾಗಾಯಿತು. ಆಚೆಯಿಂದ ಗಿರಿಜ, "ಏನ್ರೀ, ಒಳಗೆ ಹೊಲಿಗೆ ಹಾಕ್ತಿದ್ದೀರಾ?" ಎಂದು ಕನ್ನಡದಲ್ಲಿ ಕೂಗಿದಳು. ಆ ಕೂಗಿಗೆ ಬೆಚ್ಚಿದವನಂತೆ ಕೆಳಗಿನ ವೃತ್ತವನ್ನು ಕಪ್ಪಗೆ, ಅಂಚು ಮೀರದಂತೆ ತುಂಬಿಬಿಟ್ಟೆ. ಯಂತ್ರ ಚೀಟಿಯನ್ನು ಎಳೆದುಕೊಂಡಿತು. ನಾನು ಮಾತಿಗೆ ತಪ್ಪಿದ್ದೆ. ಎದೆ ಮಾತ್ರ ಹಗುರವಾಗಿತ್ತು. ಎರಡೂ ಒಟ್ಟಿಗೆ ಆಗಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಸಂಜೆ ಶೈಲಜಾ ಫೋನು ಮಾಡಿ, "ಹಾಕಿದ್ರಾ?" ಎಂದು ಕೇಳಿದರು. "ಹಾಕ್ದೆ" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಯೂಸುಫನಿಗಾದರೂ ಹೇಳಬಹುದಿತ್ತು. ಅಷ್ಟು ದೊಡ್ಡ ಭಾಷಣ ಮಾಡಿದ ಬಾಯಲ್ಲಿ ಹೇಗೆ ಹೇಳಲಿ? ಗಿರಿಜ ಯಾರಿಗೆ ಹಾಕಿದಳೆಂದು ಕೇಳಿದೆ. "ನಿಮಗ್ಯಾಕೆ?" ಎಂದಳು. ನಮ್ಮ ಮಗಳು ಮೇಘಾಳೂ, "ಡ್ಯಾಡ್, ಇಟ್ಸ್ ಎ ಸೀಕ್ರೆಟ್ ಬ್ಯಾಲೆಟ್" ಎಂದು ನನಗೇ ಪೌರನೀತಿ ಹೇಳಿದಳು. ಗುಟ್ಟು ಎಂಬುದು ಒಳ್ಳೆಯ ಏರ್ಪಾಡು ಎಂದು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಎಡವಟ್ಟಾದದ್ದು ಪಾಟೀಲರಿಂದ. ಪಾಟೀಲ ಅಂಕಲ್ ಧಾರವಾಡದ ಕಡೆಯವರು. ಇಡೀ ವೃತ್ತಿಜೀವನ ಕಾರಿನ ಬ್ರೇಕಿನ ಇಂಜಿನಿಯರಾಗಿದ್ದು ನಿವೃತ್ತರಾದವರು. ಈಗಲೂ ಯಾವ ಪ್ರಶ್ನೆ ಕೇಳಿದರೂ ಮೊದಲು ನಿಲ್ಲುತ್ತಾರೆ, ಆಮೇಲೆ ಉತ್ತರ. ಅವರ ಹೆಂಡತಿ ಮಗಳ ಬಾಣಂತನಕ್ಕೆಂದು ಶಿಕಾಗೋ ಹತ್ತಿರದ ಓಕ್ ಬ್ರೂಕಿಗೆ ಹೋಗಿದ್ದರಿಂದ ಅವರಿಗೆ ಭಾನುವಾರದ ಊಟ ಶೈಲಜಾ ಮನೆಯಲ್ಲಿ. ಶೈಲಜಾ ಅವರನ್ನೂ, "ನಮ್ಮವರಿಗೇ ಹಾಕಿದ್ರಿ ತಾನೇ?" ಎಂದು ಕೇಳಿದ್ದಾರೆ. ಪಾಟೀಲರು ಎಂದಿನಂತೆ ಬ್ರೇಕು ಒತ್ತಿ, ಚಾವಣಿ ನೋಡಿ, "ಅದು ನನ್ನ ಆತ್ಮಸಾಕ್ಷಿಗೆ ಬಿಟ್ಟದ್ದು ನೋಡ್ರಿ" ಎಂದಿದ್ದಾರೆ. ಅಷ್ಟು ಸಾಕಾಯಿತು. ಬಡಾವಣೆಯ ಕನ್ನಡಿಗರಲ್ಲಿ ಖಾಲಿ ವೃತ್ತ ತುಂಬಿದವರು ಪಾಟೀಲರೇ ಎಂದು ತೀರ್ಮಾನವಾಯಿತು. ಶೈಲಜಾ ಭಾನುವಾರದ ಊಟ ನಿಲ್ಲಿಸಿದರು. ಅದೇ ಹೊತ್ತಿಗೆ ಮೇಘಾಳ ಕಾಲೇಜಿನ ಗೆಳತಿಯರ ಗುಂಪಿನಲ್ಲಿ ಪಾಟೀಲರು ಮಹಾಪುರುಷರಾದರು. "ಹೀ ಈಸ್ ಸೋ ಬ್ರೇವ್, ಡ್ಯಾಡ್. ಅಟ್ ಹಿಸ್ ಏಜ್!" ಎಂದು ನನ್ನ ಮಗಳೇ ನನ್ನೆದುರು ಕಣ್ಣರಳಿಸಿ ಹೇಳಿದಳು. ಕನ್ನಡ ಕೂಟದವರು ಯುಗಾದಿಗೆ ಅವರಿಂದ 'ಆತ್ಮಸಾಕ್ಷಿ' ಎಂಬ ವಿಷಯದ ಮೇಲೆ ಭಾಷಣ ಇಟ್ಟರು. ನಾನು ಒಳಗೊಳಗೇ ನಕ್ಕೆ. ಮೊದಲ ವಾರ ನಕ್ಕೆ. ಎರಡನೆಯ ವಾರ ನಗು ಅಷ್ಟು ಬರಲಿಲ್ಲ.

ಮೂರನೆಯ ವಾರ ಯೂಸುಫ್ ಡಿಯರ್‌ಬಾರ್ನಿನ ಬೇಕರಿಯಿಂದ ಪಿಸ್ತಾ ತುಂಬಿದ ಮಿಠಾಯಿಯ ಒಂದು ದೊಡ್ಡ ತಟ್ಟೆ ತಂದು ನನ್ನ ಹೊಲಿಗೆ ಯಂತ್ರದ ಪಕ್ಕ ಇಟ್ಟ. ಇವನಿಗೆ ಹೇಗೋ ತಿಳಿದುಹೋಗಿದೆ ಎಂದುಕೊಂಡು, ವಿನಯದ ಮುಖ ಮಾಡಿಕೊಂಡು, "ಇದೆಲ್ಲ ಯಾಕೆ ಯೂಸುಫ್?" ಎಂದೆ.

"ನಿಮ್ಮ ಕಡೆಯ ಆ ಮುದುಕರು ಇದ್ದಾರಲ್ಲ, ಪಾಟೀಲ್. ನಮಗೋಸ್ಕರ ಓಟು ಹಾಕಿ ಊಟ ಕಳ್ಕೊಂಡ್ರಂತೆ, ನಿನ್ನ ಮಗಳು ಹೇಳಿದ್ಲು. ನಾನು ಹೋದ್ರೆ ಸಂಕೋಚ ಪಡ್ತಾರೆ. ನೀನೇ ಕೊಟ್ಬಿಡು."

ನಲವತ್ತು ವರ್ಷ ಮೊಳೆ, ಸೂಜಿ, ಕತ್ತರಿಯ ನಡುವೆ ಬದುಕಿದ್ದೇನೆ. ಯಾವುದೂ ಅಷ್ಟು ಆಳಕ್ಕೆ ಇಳಿದಿರಲಿಲ್ಲ.

ತಟ್ಟೆ ಹಿಡಿದು ಪಾಟೀಲರ ಮನೆಗೆ ಹೋದೆ. ಬಾಗಿಲು ತೆಗೆದವರು ಮೊದಲು ತಟ್ಟೆ ನೋಡಿದರು, ಆಮೇಲೆ ನನ್ನನ್ನು.

"ಬರ್ರಿ ಸ್ವಾಮ್ಯಾರ, ಕೂಡ್ರಿ. ಇದೇನ್ರೀ ಇಷ್ಟೊಂದು?"

ಯಾರು ಕಳಿಸಿದ್ದು, ಯಾಕೆ ಕಳಿಸಿದ್ದು ಎಂದು ಹೇಳಿದೆ. ಅವರು ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಮುಖ ಬಾಡಿತ್ತು. "ಇದು ನನಗ ಪಚನ ಆಗೂದಿಲ್ರಿ," ಎಂದರು. ಇನ್ನೊಂದು ತೆಗೆದುಕೊಂಡರು. "ನಿಮಗೊಬ್ಬರಿಗೇ ಹೇಳ್ತೀನಿ. ನಾ ಅವತ್ತ ಓಟ ಹಾಕಿಲ್ರಿ."

"ಅಂದ್ರೆ? ಖಾಲಿ ವೃತ್ತಕ್ಕೆ ಹಾಕಿಲ್ವಾ?"

"ಯಾತಕ್ಕೂ ಹಾಕಿಲ್ರಿ! ಓಕ್ ಬ್ರೂಕಿನ್ಯಾಗ ಮೊಮ್ಮಗನ ನೋಡ್ಕೋತ ಕುಂತಿದ್ದೆ. ಹಿಂದಿನ ದಿನಾನ ಹೊಂಟು ಬರಬೇಕಂತ ಮಾಡಿದ್ದೆ. ಮಾಲ್‌ನ್ಯಾಗ ಕೂಸಿನ ಗಾಡಿ ತರೂದಿತ್ತು, ಹೊತ್ತಾತು. ನಾಲ್ಕೂವರೆ ತಾಸು ಡ್ರೈವು. ಶೈಲಜಾ ನನ್ನ ಸಲುವಾಗಿ ಅಂಚೆ ಓಟಿನ ಅರ್ಜಿ ಸೈತ ತುಂಬಿ ಕೊಟ್ಟಿದ್ದಳು. ಹಾಕೇ ಇಲ್ಲ ಅಂದ್ರ ಆಕಿ ಬಿಡ್ತಿದ್ದಳೇನ್ರಿ? ಅದಕ್ಕ ಆತ್ಮಸಾಕ್ಷಿ ಅಂದೆ. ಸುಳ್ಳ ಏನೂ ಹೇಳಿಲ್ಲ. ಮುಂದಿಂದೆಲ್ಲಾ ಮಂದಿ ಕಟ್ಟಿದ್ದು."

ನನಗೆ ತಡೆಯಲಾಗಲಿಲ್ಲ. "ಪಾಟೀಲ್ರೆ, ಅದನ್ನ ಹಾಕಿದ್ದು ನಾನು" ಎಂದುಬಿಟ್ಟೆ.

ಅವರು ಬ್ರೇಕು ಒತ್ತಿದರು. ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿ, "ಹಂಗಾರ ನೀವೂ ಒಂದು ತಗೋರಿ" ಎಂದರು. ಒಂದು. ಉಳಿದದ್ದನ್ನು ಮುಚ್ಚಿಟ್ಟರು.

"ಶೈಲಜಮ್ಮನಿಗೆ ಹೋಗಿ ಹೇಳ್ಬಿಡ್ತೀನಿ. ನಿಮ್ಮ ಊಟ ಹೋಗಿದೆಯಲ್ಲ."

"ಹೇಳ್ರಿ, ಹೇಳ್ರಿ. ದೊಡ್ಡ ಉಪಕಾರ ಆಗ್ತದ. ನನ್ನ ಕೈ ಅಡಿಗಿ ನಾಯೀನೂ ಮೂಸೂದಿಲ್ಲ." ಬಾಗಿಲ ತನಕ ಬಂದವರು ನನ್ನ ತೋಳು ಹಿಡಿದು ದನಿ ತಗ್ಗಿಸಿದರು. "ಆದ್ರ ಯುಗಾದಿ ಭಾಷಣ ಆದ ಮ್ಯಾಲೆ ಹೇಳಿದ್ರ ಆಗೂದಿಲ್ಲೇನ್ರಿ? ಬರದ ಇಟ್ಟೀನಿ. ಚೊಲೋ ಬಂದದ."

ಮನೆಗೆ ಬಂದು ಗಿರಿಜಳಿಗೆ ಎಲ್ಲ ಹೇಳಿದೆ. ನಾನು ಮಾತಿಗೆ ತಪ್ಪಿದ್ದಕ್ಕೆ ಅವಳಿಗೆ ಆಶ್ಚರ್ಯವಾಗಲಿಲ್ಲ. ಸೊಪ್ಪು ಬಿಡಿಸುತ್ತಾ, "ಈಗ ಹೋಗಿ ಹೇಳ್ತೀರಲ್ಲ, ಪಾಟೀಲರ ಊಟಕ್ಕೋ ನಿಮ್ಮ ಹೆಸರಿಗೋ?" ಎಂದಷ್ಟೇ ಕೇಳಿದಳು. ಹೊಲಿಗೆ ಕಲಿಯದವಳಾದರೂ ಎಲ್ಲಿ ಚುಚ್ಚಬೇಕೆಂದು ಅವಳಿಗೆ ಗೊತ್ತು. "ಊಟಕ್ಕೆ" ಎಂದು ಬೂಟು ಹಾಕಿಕೊಂಡೆ.

ಶೈಲಜಾ ಅದೇ ಅಡುಗೆಮನೆಯ ಮೇಜಿನ ಮುಂದೆ ಕೂತು ಪಕ್ಷದವರಿಗೆ ಕರೆಗಳನ್ನು ಮಾಡುತ್ತಿದ್ದರು. ನಾನು ಕೂರಲಿಲ್ಲ. ನಿಂತೇ ಹೇಳಿದೆ: ಎಳ್ಳು ತಿಂದೆ, ಮಾತು ಕೊಟ್ಟೆ, ಮರೆಯೊಳಗೆ ಹೋಗಿ ಮಾತು ಮುರಿದೆ, ಪಾಟೀಲರ ತಪ್ಪಿಲ್ಲ, ಯೂಸುಫ್ ನನ್ನ ಜೊತೆಗಾರ, ಅವನ ಚಿಕ್ಕಮ್ಮ ಅಲ್ಲಿದ್ದಾಳೆ, ನೀವು ಬೈದರೆ ಬೈಸಿಕೊಳ್ಳುತ್ತೇನೆ. ಪೌರತ್ವದ ಸಂದರ್ಶನದಲ್ಲೂ ನಾನು ಅಷ್ಟು ನೆಟ್ಟಗೆ ನಿಂತಿರಲಿಲ್ಲ.

ಶೈಲಜಾ ಕನ್ನಡಕ ತೆಗೆದರು. ಕಣ್ಣಲ್ಲಿ ನೀರು ಬಂದಿತ್ತು. ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದೆ.

"ಪುಟ್ಟಸ್ವಾಮಿಯವ್ರೆ, ನಿಮ್ಮಂಥವರು ಸಿಗಲ್ಲ."

"ಅಂದ್ರೆ?"

"ಆ ಪಾಟೀಲ್ರಿಗೆ ಒಂದು ಹೊತ್ತಿನ ಊಟ ಕೊಡ್ಸೋಕೆ ನಿಮ್ಮ ಮೇಲೇ ಹಾಕ್ಕೊಳ್ತಿದ್ದೀರಲ್ಲ! ನಿಮ್ಮನ್ನ ನಾನು ನೋಡಿಲ್ವಾ? ಪ್ರಾಣ ಹೋದ್ರೂ ಪಕ್ಷ ಬಿಡೋರಲ್ಲ ನೀವು."

"ಇಲ್ಲಮ್ಮ, ದೇವ್ರಾಣೆ ನಾನೇ…"

"ಆಣೆ ಬೇರೆ ಇಡ್ತೀರಾ! ಪಾಪ ಸುತ್ಕೊಳ್ಳುತ್ತೆ, ಸುಮ್ನಿರಿ. ಅಷ್ಟಕ್ಕೂ ಅನ್‌ಕಮಿಟೆಡ್ ಅನ್ನೋದೆಲ್ಲ ಪಾಟೀಲ್ರಂಥ ಓದ್ಕೊಂಡೋರ ತಲೆಹರಟೆ. ನಿಮ್ಮಂಥ ಒಳ್ಳೆಯವ್ರಿಗೆ ಅದೆಲ್ಲಿ ತೋಚುತ್ತೆ?"

ಹೀಗೆ ಹೇಳಿ, ನನ್ನ ದೊಡ್ಡ ಮನಸ್ಸಿಗೆ ಮರ್ಯಾದೆ ಕೊಟ್ಟು, ನನ್ನೆದುರಿಗೇ ಪಾಟೀಲರಿಗೆ ಫೋನು ಮಾಡಿ ಭಾನುವಾರಕ್ಕೆ ಕರೆದರು. ಅತ್ತ ಕಡೆಯಿಂದ, "ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ರಿ" ಎಂಬ ಉದಾರವಾದ ದನಿ ಕೇಳಿಸಿತು. ಪಾಟೀಲರಿಗೆ ಕೀರ್ತಿಯೂ ಉಳಿಯಿತು, ಊಟವೂ ಬಂತು. ಯುಗಾದಿಯ ಭಾಷಣ ನಿಜಕ್ಕೂ ಚೆನ್ನಾಗಿತ್ತು. ಆತ್ಮಸಾಕ್ಷಿಯ ಕರೆ ಬಂದಾಗ ಮನುಷ್ಯ ಒಬ್ಬಂಟಿಯಾಗಿರುತ್ತಾನೆ ಎಂದು ಹೇಳುವಾಗ ಅವರು ಕನ್ನಡಕ ತೆಗೆದು ಒರೆಸಿದರು. ಮುಂದಿನ ಸಾಲಿನಲ್ಲಿ ಶೈಲಜಾ ಕೂಡ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಇದನ್ನೆಲ್ಲ ಇಷ್ಟು ಧೈರ್ಯವಾಗಿ ಬರೆಯುತ್ತಿರುವುದೂ ಅದಕ್ಕೇ: ಕನ್ನಡ ಓದಬಲ್ಲವರು ಯಾರೂ ನಂಬುವುದಿಲ್ಲ, ಯೂಸುಫನಿಗೆ ಕನ್ನಡ ಬರುವುದಿಲ್ಲ.

ಆದರೆ ಯೂಸುಫನಿಗೆ ಹೇಳಲೇಬೇಕೆಂದು ಯುಗಾದಿಯ ಮಾರನೆಯ ದಿನ ನಿಶ್ಚಯಿಸಿದೆ. ಊರೆಲ್ಲ ನಂಬದಿದ್ದರೂ ಚಿಂತೆಯಿಲ್ಲ. ಆ ವೃತ್ತ ತುಂಬಿದ್ದು ಅವನಿಗಾಗಿ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಂಡು ಹೋದೆ. ಅಂಗಡಿಯ ಬಾಗಿಲು ತೆಗೆದರೆ ಯೂಸುಫ್ ಆಗಲೇ ಬಂದಿದ್ದ. ಕೈತುಂಬ ಗೋಂದು. ಗೋಂದಿನ ಕೈಯಲ್ಲೇ ಫೋನು ಹಿಡಿದಿದ್ದ. ನನ್ನನ್ನು ಕಂಡದ್ದೇ ಓಡಿಬಂದು ತಬ್ಬಿಕೊಂಡ. ನನ್ನ ಜಾಕೆಟ್ಟಿನ ಬೆನ್ನಿನ ಮೇಲೆ ಅವನ ಎರಡೂ ಅಂಗೈಗಳು ಅಂಟಿಕೊಂಡವು. ಬಿಡಿಸುವಾಗ ಬಟ್ಟೆ ಸ್ವಲ್ಪ ಕಿತ್ತೂ ಬಂತು.

"ಚಿಕ್ಕಮ್ಮ ಮಾತಾಡಿದ್ಲು, ಸ್ವಾಮಿ! ಯಾರದೋ ಫೋನಿಂದ. ಡೇರೆಯಲ್ಲಿದ್ದಾಳಂತೆ. ಬದುಕಿದ್ದಾಳೆ."

ನಾನು ಕುರ್ಚಿ ಎಳೆದುಕೊಂಡು ಕೂತೆ. ಅವನು ನಿಂತೇ ಮಾತಾಡುತ್ತಿದ್ದ. ಲೈನು ಬಹಳ ಹೊತ್ತು ನಿಲ್ಲಲಿಲ್ಲವಂತೆ. ಅಷ್ಟರಲ್ಲೇ ಅವಳು, ಅಲ್ಲಿ ನಿಮ್ಮ ಊರಿನ ಜನಕ್ಕೆ ನಾವು ಇದ್ದೇವೆ ಎಂದಾದರೂ ಗೊತ್ತೇ ಎಂದು ಕೇಳಿದಳಂತೆ.

"ಅದಕ್ಕೆ ನಾನು ಹೇಳ್ದೆ, ಇಲ್ಲೊಬ್ರು ಮುದುಕರಿದ್ದಾರೆ, ನಮ್ಮ ಜಾತಿಯಲ್ಲ, ನಮ್ಮ ಊರಲ್ಲ, ನಿನಗೋಸ್ಕರ ಊಟ ಬಿಟ್ರು ಅಂತ. ಅಳ್ತಾ ಇದ್ದವಳು ಅಳು ನಿಲ್ಲಿಸಿದ್ಲು. ಹೆಸರೇನು ಅಂತ ಕೇಳಿದ್ಲು. ಪಾಟೀಲ್ ಅನ್ನೋದನ್ನ ಮೂರು ಸಲ ಹೇಳಿಸ್ಕೊಂಡ್ಲು. ಇನ್ಮೇಲೆ ದಿನಾ ಅವರ ಹೆಸರು ಹಿಡಿದು ಪ್ರಾರ್ಥನೆ ಮಾಡ್ತಾಳಂತೆ."

ಜೋಡಿಸಿಕೊಂಡು ಬಂದಿದ್ದ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಚೆನ್ನಾದ ವಾಕ್ಯ, ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಯೂಸುಫ್ ನನ್ನನ್ನೇ ನೋಡುತ್ತಿದ್ದ. ಆ ಮುಖ ಅಷ್ಟು ತಿಂಗಳಲ್ಲಿ ಮೊದಲ ಸಲ ಒಂದು ಮುಖದ ಹಾಗೆ ಇತ್ತು.

"ಪಾಟೀಲ್ರು ತುಂಬಾ ಒಳ್ಳೆಯವರು" ಎಂದೆ.

ಹಾಗೆಂದು ಹೇಳಿ ಯಂತ್ರದ ಮುಂದೆ ಕೂತೆ. ಇದನ್ನು ತ್ಯಾಗ ಎಂದು ಯಾರಾದರೂ ಕರೆದರೆ ನಾನು ಬೇಡವೆನ್ನುವುದಿಲ್ಲ. ಆದರೆ ಆ ದಿನ ಒಂದು ದೋಣಿಯ ಸೀಟನ್ನು ತಲೆಕೆಳಗಾಗಿ ಹೊಲಿದು, ಸಂಜೆ ಕೂತು ಬಿಚ್ಚಿದೆ ಎಂಬುದನ್ನೂ ಹೇಳಬೇಕು. ಪಾಟೀಲರು ಈಗಲೂ ಎಲ್ಲಿ ಸಿಕ್ಕರೂ ನನಗೆ ಮಾತ್ರ ಕಾಣುವ ಹಾಗೆ ಒಂದು ಕಣ್ಣು ಮುಚ್ಚಿ ತೆರೆಯುತ್ತಾರೆ. ಆರೋಗ್ಯ ಬಹಳ ಸುಧಾರಿಸಿದೆ ಎನ್ನುತ್ತಾರೆ. ಯಾರೋ ದಿನವೂ ಪ್ರಾರ್ಥನೆ ಮಾಡುತ್ತಿದ್ದಾರಲ್ಲ.

ಒಟ್ಟಿನಲ್ಲಿ ಈಗ ನನ್ನ ಬಳಿ ಇರುವುದು ಇಷ್ಟು: ಒಂದು ಅಂಗಡಿ, ಎರಡು ಹೊಲಿಗೆ ಯಂತ್ರ, ಒಬ್ಬಳು ಹೆಂಡತಿ, ಒಬ್ಬಳು ಮಗಳು, ಒಬ್ಬ ಯೂಸುಫ್. ಆತ್ಮಸಾಕ್ಷಿಯೂ ಒಂದಿದೆ. ಅದರ ಖಾತೆ ಮಾತ್ರ ಪಾಟೀಲರ ಹೆಸರಿನಲ್ಲಿದೆ.